ಏಳು ಮೆಟ್ಟಿಲಿನ ಅಕ್ಷರ

ಅವ್ವಣ್ಣ ಅಕ್ಷರ ಓದುತ್ತಿರಲಿಲ್ಲ, ಎಣಿಸುತ್ತಿದ್ದ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹದಿನಾಲ್ಕು ವರ್ಷದಿಂದ ಟೈಲ್ಸ್ ಕೂಡಿಸುತ್ತಿದ್ದವನು. ಚೌಕಳಿ ಹಾಳೆಯಲ್ಲಿ ಯಾವ ಕಟ್ಟಡದ ಹೆಸರು ಬರೆದುಕೊಟ್ಟರೂ ಸಾಲಿಗೆ ಎಷ್ಟು ಕರಿ, ಎಷ್ಟು ಬಿಳಿ ಎಂದು ಗುಣುಗುಣಿಸುತ್ತ ಗೋಡೆಗೆ ಚಾಚೂ ತಪ್ಪದೆ ಇಳಿಸುತ್ತಿದ್ದ. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಬ್ಬೆಟ್ಟು.

ನಾನು ಬಸವಪ್ರಭು, ಬಿಲ್ಡರ್ ಕಿಶೋರ ಶೇಠರ ಆಫೀಸಿನಲ್ಲಿ ನಕ್ಷೆ ತೆಗೆಯುವವ. 2001ರಲ್ಲಿ ಮಾರ್ಕೆಟ್ ಯಾರ್ಡ್ ಹಿಂದೆ ಎದ್ದ ಕಟ್ಟಡಕ್ಕೆ ಶೇಠರು ತಮ್ಮ ಮಗಳು ಮಾಯಾಳ ಹೆಸರಿಟ್ಟರು. ಒಳಗೆ ಕಾಲಿಟ್ಟ ಕೂಡಲೇ ನೆಲದಲ್ಲೇ ಆ ಹೆಸರು ಕಾಣಬೇಕೆಂದು ಅವರ ಆಸೆ. ನಾನು ಹುರುಪಿನಲ್ಲಿ, ಹಳೆಯ ವಿಡಿಯೋ ಗೇಮಿನ ಪರದೆಯ ಮೇಲೆ ಬರುತ್ತಿದ್ದಂಥ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಬರೆದೆ. ದಪ್ಪ, ಮೊಂಡು, ಎಲ್ಲೂ ಒಂದು ಬಾಗು-ಬಳುಕು ಇಲ್ಲ, ಅಕ್ಷರಕ್ಕೆ ಏಳು ಸಾಲು ಚೌಕ. ಆ ಹಾಳೆಯನ್ನು ಚಹಾದಂಗಡಿಯವನಿಗೂ ತೋರಿಸಿ ಬೀಗಿದೆ.

ಇದು ಚೆನ್ನಾಗಿ ಬಂದರೆ ಇಡೀ ಕಟ್ಟಡದ ಟೈಲ್ಸ್ ಗುತ್ತಿಗೆ ಅವ್ವಣ್ಣನಿಗೇ ಎಂದು ಶೇಠರು ಹೇಳಿದ್ದರು. ದಿನಗೂಲಿ ಬಿಟ್ಟು ಅವನ ಸ್ವಂತ ಹೆಸರಿನ ಮೊದಲ ಕೆಲಸ. ಅವನ ಹೆಂಡತಿ ಚಂದಮ್ಮ ಆಗಲೇ ಓಣಿಗೆಲ್ಲ ಸಾರಿಬಿಟ್ಟಿದ್ದಳು.

ಆದರೆ ನೆಲ ಎಂದು ಕೇಳಿದ್ದೇ ಅವ್ವಣ್ಣ ಕರಣೆ ಕೆಳಗಿಟ್ಟ. ಜನ ಅಕ್ಷರ ತುಳಿದು ಓಡಾಡುವ ಕೆಲಸ ತನ್ನಿಂದಾಗದು ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಓದಲು ಬಾರದವನಿಗೆ ಇದೆಂಥ ಮಡಿ ಎಂದು ಕೇಳಿಯೇಬಿಟ್ಟೆ.

“ಓದಾಕ ಬರೋರಿಗಿ ಅದು ದಿನದ ಮಾತದರಿ,” ಎಂದ ಅವ್ವಣ್ಣ. “ನನಗ ಬರಂಗಿಲ್ಲ. ಕಾಲು ಹ್ಯಾಂಗ ಹಚ್ಚಲ್ರಿ?”

ಕೇಳಿ ನಾಚಿಕೆಯಾಯಿತು. ಆದರೂ ಜಂಬ ಬಿಡಬೇಕಲ್ಲ. ಸೋಮವಾರ ಶೇಠರು ಬರುವುದರೊಳಗೆ ಹೆಸರು ಕಾಣದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದು ಹೇಳಿ ಹೊರಟೆ. ಅವನು ಗೇಟಿನ ಬಳಿ ರೊಟ್ಟಿ ಬಿಚ್ಚಿಕೊಂಡು ಕೂತು, ಬಾಗಿಲಿಗೆ ಹತ್ತುವ ಮೆಟ್ಟಿಲುಗಳನ್ನೇ ನೋಡುತ್ತಿದ್ದ. ಅವು ಏಳಿದ್ದವು.

ಸೋಮವಾರ ಶೇಠರೂ ನಾನೂ ಗೇಟಿನಲ್ಲೇ ನಿಂತುಬಿಟ್ಟೆವು. ಅವ್ವಣ್ಣ ಒಂದೊಂದು ಮೆಟ್ಟಿಲಿನ ಎದುರು ಮುಖಕ್ಕೆ ಒಂದೊಂದು ಸಾಲು ಚೌಕ ಕೂಡಿಸಿದ್ದ. ಗೇಟಿನಿಂದ ನೋಡಿದರೆ ಏಳೂ ಸಾಲು ಸೇರಿ ಮಾಯಾ ಎದ್ದು ನಿಂತಿದ್ದಳು. ಕಾಲಿಡುವ ಜಾಗ ಮಾತ್ರ ಬರೀ ಕಲ್ಲು. ಶೇಠರು ಎರಡು ಸಲ ಹತ್ತಿ ಎರಡು ಸಲ ಇಳಿದರು. ಆಮೇಲೆ ಗುತ್ತಿಗೆಯ ಕಾಗದ ಸಿದ್ಧ ಮಾಡಿಸಿದರು. ನನಗಂತೂ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಅವ್ವಣ್ಣನನ್ನೂ ಗೇಟಿನ ಹತ್ತಿರ ಕರೆದು ನಿಲ್ಲಿಸಿದೆ. ಮೂಗು ಮೆಟ್ಟಿಲಿಗೆ ಹಚ್ಚಿ ಕೆಲಸ ಮಾಡಿದವನು ಅದನ್ನು ದೂರದಿಂದ ನೋಡಿದ್ದು ಇದೇ ಮೊದಲು.

“ಎರಡನೇ ಅಕ್ಷರಾನೂ ನಾಕನೇದೂ ಒಂದೇ ಏನ್ರಿ?” ಎಂದ.

“ಹೌದು, ಅದು ‘ಎ’,” ಎಂದೆ. “ಇಂಗ್ಲಿಷಿನ್ಯಾಗ ನಿನ್ನ ಹೆಸರೂ ಅದರಿಂದನ ಶುರು ಆಗ್ತದ.”

ಆಫೀಸಿನಲ್ಲಿ ನಾನು ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ಮುಂದಿಟ್ಟಾಗ ಅವನು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದ. ಕಾಗದದ ಮೂಲೆಯಲ್ಲಿ ಸಾಲು ಸಾಲಾಗಿ ಪುಟ್ಟ ಪುಟ್ಟ ಚೌಕ ತುಂಬತೊಡಗಿದ. ಮೂರು, ಎರಡು, ಎರಡು, ಐದು, ಎರಡು, ಎರಡು, ಎರಡು. ಶೇಠರ ಚಹಾ ಆರಿತು. ಹದಿನೆಂಟು ಚೌಕ ಮುಗಿದ ಮೇಲೂ, ಶಾಯಿ ಒಣಗುವ ತನಕ ಅವನು ಆ ಕಾಗದದ ಮೇಲೆ ಯಾರಿಗೂ ಕೈ ಇಡಗೊಡಲಿಲ್ಲ.