ಕಂಬದ ಬುಡದ ನೀರು

1944ರ ಯುಗಾದಿಯ ಮರುದಿನ. ಆಧಾರ, ನನ್ನ ತಂದೆಯವರ ದಿನಚರಿ. ಮದ್ದೂರಿನಲ್ಲಿ, ಯುದ್ಧಕಾಲಕ್ಕೆ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಸಾಹೇಬರು ಅಂದು ರಜೆಯಲ್ಲಿದ್ದು, ಶಿಂಷಾ ಸೇತುವೆಯ ಕಂಬದ ಬಳಿ ಗಾಳ ಹಾಕಿದ್ದರು. ಮೀನು ಕಂಬದ ನೆರಳಿಗೇ ಬಂದು ಸೇರುತ್ತದೆಂಬುದು ಅವರ ಅನುಭವ. ಗಾಳ ಕಲ್ಲಿಗೆ ಸಿಕ್ಕಿದರೆ ಮಸಿ ಹತ್ತಿದ ಬೆರಳಿನಿಂದ ದಾರವನ್ನು ಮೀಟಿ ನೋಡಿ, "ಎಳೀಬ್ಯಾಡಪ್ಪ, ಇಳಿದು ಬುಡುಸ್ಕೊ" ಎಂದು ಜೊತೆಗಿದ್ದ ನಮಗೆ ಹೇಳುತ್ತಿದ್ದರು.

ಅಂದು ಹಾಗೆ ಸಿಕ್ಕಿದಾಗ, ಹದಿನೆಂಟು ವರ್ಷದ ನಾನು ಸಹಪಾಠಿಗಳೆದುರು ಈಜಿನ ಜಂಬ ಕೊಚ್ಚಿ ಧುಮುಕಿದೆ. ಮೂಗಿಗೆ ನೀರು ನುಗ್ಗಿತು, ದಾರ ಕಾಲಿಗೆ ಸುತ್ತಿಕೊಂಡಿತು, ಸತ್ತೆನೆಂದೇ ತಿಳಿದೆ. ಸಾಹೇಬರು ಹಾರಿ, ತಮಗಿದ್ದ ಒಂದೇ ರೇಷ್ಮೆ ದಾರವನ್ನು ಹಲ್ಲಿನಿಂದ ಕಡಿದು, ಕುತ್ತಿಗೆಯವರೆಗೆ ಮುಳುಗಿ ಈಜುತ್ತಲೇ ನನ್ನನ್ನು ದಡಕ್ಕೆ ತಂದರು.

ಗೆಳೆಯನೊಬ್ಬ ನಕ್ಕ. "ಏನ್ಲಾ, ಮೀನ್ಗೆ ಪಾಠ ಹೇಳಕ್ಕೋಗಿದ್ದಾ?"

"ಸುಮ್ಕಿರ್ಲಾ!" ಎಂದು ಸಾಹೇಬರು ಗದರಿದರು. "ಎರಡಾಳು ನೀರೈತೆ. ನಾನೇ ಎದರ್ಕಂಡೆ."

ಸಂಜೆ ನಮ್ಮ ತಂದೆಯವರಿಗೂ ಅದನ್ನೇ ಹೇಳಿದರು. "ಬೈಬ್ಯಾಡಿ ಮೇಷ್ಟ್ರೆ, ಅದು ಎಂಥ ಈಜುಗಾರನನ್ನೂ ಬುಡೋ ಮಡು ಅಲ್ಲ." ತಂದೆಯವರು ಹಾಗೆಯೇ ಬರೆದಿಟ್ಟರು. ಐವತ್ತು ವರ್ಷ ನಾನೂ ಹಾಗೆಯೇ ಹೇಳಿಕೊಂಡು ಬಂದೆ.

ಸೇತುವೆಯ ನೀರಿನ ಮಟ್ಟವನ್ನು ದಿನವೂ ಗುರುತಿಸಿದ ಹಳೆಯ ಪುಸ್ತಕವೊಂದು ಈಚೆಗೆ ಸಿಕ್ಕಿತು. ದಿನವನ್ನು ಎರಡು ಪಂಚಾಂಗಗಳೊಡನೆ ತಾಳೆ ನೋಡಿದೆ. ಆ ಪುಸ್ತಕದ ಪ್ರಕಾರ ಅಂದು ಆ ಕಂಬದ ಬುಡದಲ್ಲಿದ್ದ ನೀರು ನನ್ನ ಎದೆಮಟ್ಟ. ಸಾಹೇಬರು ನನಗಿಂತ ಒಂದು ಗೇಣು ಎತ್ತರವಿದ್ದರು; ಕುತ್ತಿಗೆಯವರೆಗೆ ಮುಳುಗಲು ಅವರು ಮಂಡಿ ಮಡಿಸಿರಲೇಬೇಕು.