ಬೇರೆಯವರ ಬಟ್ಟೆ

ಬೀದಿಗೆಲ್ಲ ಅವಳು ಹೊಲಿಗೆ ಅಕ್ಕ. "ನಾಳೆ ಬನ್ನಿ" ಎಂದು ಗಿರಾಕಿಯನ್ನು ಅಲೆಸಿದವಳೇ ಅಲ್ಲ. ಅಂಥವಳು ಈ ತಿಂಗಳಿಡೀ ಬಟ್ಟೆ ತೆಗೆದುಕೊಳ್ಳುತ್ತಲೇ ಇದ್ದಳು, ಒಂದನ್ನೂ ವಾಪಸು ಕೊಡಲಿಲ್ಲ. ಮಂಚದ ಮೇಲೆ ಪ್ಯಾಂಟುಗಳ ರಾಶಿ, ಅಡುಗೆಮನೆಯ ಗೂಡಿನಲ್ಲಿ ಶಾಲೆಯ ಸಮವಸ್ತ್ರ, ಕುರ್ಚಿಯ ಮೇಲೆ ಪರದೆ ಬಟ್ಟೆ. ಕೂರಲು ಜಾಗವಿಲ್ಲದೆ ಗಂಡ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದ.

ಅವನ ವೆಲ್ಡಿಂಗ್ ಶೆಡ್ಡಿಗೆಂದು ಮನೆ ಅಡವಿಟ್ಟಿದ್ದರು. ಶೆಡ್ಡು ಮುಚ್ಚಿತು, ಕಂತು ನಿಂತಿತು, ಬ್ಯಾಂಕಿನವರು ಬೀಗ ಹಾಕುವ ತಾರೀಖು ಬರೆದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಹೋದರು. ಅಕ್ಕ ಅದರ ಮೇಲೆ ತನ್ನ ಹೊಲಿಗೆಯ ಬೋರ್ಡು ತೂಗುಹಾಕಿದಳು. ಬೋರ್ಡು ನೋಟಿಸನ್ನೇನೋ ಮುಚ್ಚೀತು, ತಾರೀಖನ್ನು ತಡೆದೀತೇ?

ಬಟ್ಟೆ ಕೂಡಿಡುವ ಬುದ್ಧಿ ಹೇಳಿಕೊಟ್ಟವರು ಪಕ್ಕದ ಮನೆಯ 'ವಕೀಲರು'. ವಕೀಲರೂ ಅಲ್ಲ, ಏನೂ ಅಲ್ಲ. ಕೋರ್ಟಿನ ಮುಂದಿನ ಮರದ ಕೆಳಗೆ ಕೂತು ಟೈಪು ಹೊಡೆದವರು. "ಬೇರೆಯವರ ಮಾಲು ಒಳಗಿದ್ರೆ ಬೀಗ ಹಾಕೋಕೆ ಬರಲ್ಲ ಕಣಮ್ಮ. ಕೈ ಇಟ್ರೆ ಕಳ್ಳತನ ಆಗುತ್ತೆ" ಎಂದು ಪಿಸುಗುಟ್ಟಿ, ತಮ್ಮದೊಂದು ಹಳೆಯ ಕೋಟನ್ನೂ ಕೊಟ್ಟುಹೋದರು. ಅರೆಬರೆ ತಿಳಿದವರ ಧೈರ್ಯಕ್ಕೇನು ಕಡಿಮೆ! ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ದಿನ ಯಾರೋ ಬೈಕಿನಲ್ಲಿ ಬಂದು, ಹೆಲ್ಮೆಟ್ಟನ್ನೂ ತೆಗೆಯದೆ ಮನೆಯ ಫೋಟೊ ಹಿಡಿದು ಹೋದ. ಇನ್ನೊಂದು ದಿನ ಗುರುತಿಲ್ಲದ ಗಂಡ ಹೆಂಡತಿ ಎದುರು ನಿಂತು ಕಿಟಕಿಗಳನ್ನು ಎಣಿಸಿದರು. ಹೆಂಗಸು ಗೋಡೆಯ ಬಣ್ಣ ನೋಡಿ ಮೂಗು ಮುರಿದಳು. ಅಕ್ಕ ಒಳಗಿಂದಲೇ ಎಲ್ಲ ನೋಡಿದಳು. ಸಂಜೆ ಇನ್ನೂ ನಾಲ್ಕು ಮನೆಗೆ ಹೋಗಿ ಬಟ್ಟೆ ಕೇಳಿ ತಂದಳು.

"ಅಲ್ವೇ, ಇಷ್ಟೊಂದು ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ, ಒಂದೆರಡಾದ್ರೂ ಹೊಲಿಬಾರ್ದಾ?" ಎಂದ ಗಂಡ.

"ಹೊಲಿದ್ರೆ ಕೊಡಬೇಕಾಗುತ್ತೆ ರೀ."

ಜೀಪು ಬೆಳಗ್ಗೆಯೇ ಬಂತು. ಬ್ಯಾಂಕಿನ ಅಧಿಕಾರಿ, ಇಬ್ಬರು ಪೊಲೀಸರು, ಹೊಸ ಬೀಗ ಹಿಡಿದ ಒಬ್ಬ ಆಳು. ಬೀದಿಯೆಲ್ಲ ಹೊರಗೆ ಬಂದು ನಿಂತಿತು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಒಳಗಿರೋದು ನನ್ನ ಬಟ್ಟೆ ಅಲ್ಲ ಸರ್, ಬೀದಿಯವರದ್ದು. ನೀವು ಮುಟ್ಟೋ ಹಾಗಿಲ್ಲ."

"ನಾವ್ಯಾಕೆ ಮುಟ್ಟೋಣಮ್ಮ?" ಅಧಿಕಾರಿಗೆ ಸಿಟ್ಟೂ ಬರಲಿಲ್ಲ. ಜನರ ಕಡೆ ತಿರುಗಿ, "ನಿಮ್ಮ ನಿಮ್ಮ ಬಟ್ಟೆ ನೀವೇ ತಗೊಂಡುಬಿಡಿ. ಆಮೇಲೆ ಬೀಗ ಬೀಳುತ್ತೆ" ಎಂದ.

ಮೊದಲು ಮುಂದೆ ಬಂದವರು ವಕೀಲರೇ. "ಕೋಟು ಕೊಟ್ಟುಬಿಡಮ್ಮ, ಗುಂಡಿ ಮನೇಲೇ ಹಾಕಿಸ್ಕೋತೀನಿ" ಎಂದು ನೆಲ ನೋಡುತ್ತ ನಿಂತರು. ಅವರ ಹಿಂದೆ ಸಾಲು ಬೆಳೆಯಿತು. ಕೆಟ್ಟವರೇನಲ್ಲ, ಒಬ್ಬಿಬ್ಬರು ಕಣ್ಣೊರೆಸಿಕೊಂಡರು, ಒಬ್ಬಳು ಅಕ್ಕನ ಕೈ ಹಿಡಿದು ಅತ್ತಳು. ಆದರೆ ಬರಿಗೈಯಲ್ಲಿ ಹೋದವರು ಯಾರೂ ಇಲ್ಲ. ಮಂಚ ಕಂಡಿತು, ಕುರ್ಚಿ ಕಂಡಿತು, ಗೂಡು ಖಾಲಿಯಾಯಿತು. ಮೈ ಉರಿಯುತ್ತದೆ ಹೇಳಲಿಕ್ಕೆ: ಮನೆ ಬರಿದು ಮಾಡಲು ಬ್ಯಾಂಕಿಗೆ ಕೂಲಿಯಾಳೇ ಬೇಕಾಗಲಿಲ್ಲ.

ಕೊನೆಗೆ ಉಳಿದವಳು ಮೂಲೆಮನೆಯ ಕಾಲೇಜು ಹುಡುಗಿ. ತನ್ನ ಅಂಗಿ ಬಿಡಿಸಿ ನೋಡಿದಳು.

"ಅಕ್ಕ, ಇದರ ಬಿಚ್ಚಿಹೋದ ತೋಳು ಇನ್ನೂ ಕೂಡಿಸಿಲ್ಲ."

"ಅಯ್ಯೋ, ಹೌದಲ್ಲ ಮರಿ," ಅಕ್ಕ ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡಳು. "ಶುಕ್ರವಾರ ಬಾ, ಮುಗಿಸಿ ಇಟ್ಟಿರ್ತೀನಿ."

"ಎಲ್ಲಿಗೆ ಬರ್ಲಿ ಅಕ್ಕ?"

ಹುಡುಗಿ ಚುಚ್ಚಿ ಕೇಳಿದ್ದಲ್ಲ. ಅಕ್ಕ ಗಂಡನ ಮುಖ ನೋಡಿದಳು. ಅವನೂ ಅವಳ ಮುಖವನ್ನೇ ನೋಡುತ್ತಿದ್ದ.