ನುಂಗಬೇಕಾದ ಅಕ್ಷರ

ನನ್ನ ಇಂಗ್ಲಿಷ್ ಉಚ್ಚಾರಣೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೊಗಳುವವರದೇನೂ ತಪ್ಪಿಲ್ಲ, ಅದು ನನಗೆ ಹೇಗೆ ಬಂತು ಎಂದು ಅವರಿಗೆ ಗೊತ್ತಿರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಅಪ್ಪ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರು. ಸರೋಜಿನಿ ನಗರದ ಕ್ವಾರ್ಟರ್ಸ್‌ನಲ್ಲಿ ನಾವು ಮೂವರು, ಅಪ್ಪ, ಅಮ್ಮ, ನಾನು. ಆ ವರ್ಷ ಅಪ್ಪನಿಗೆ ನಿವೃತ್ತಿ. ಅದಾದ ಕೆಲವೇ ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಬಾಡಿಗೆ ಮನೆ ಕೊಡುವವರು ಮೊದಲು ಕೇಳುತ್ತಿದ್ದದ್ದೇ ಮನೆಯಲ್ಲಿ ಪರ್ಮನೆಂಟ್ ನೌಕರಿ ಯಾರಿಗಿದೆ ಎಂದು. ನಾನು ಗುರಗಾಂವದ ಒಂದು ಕಾಲ್ ಸೆಂಟರಿನಲ್ಲಿ ಪ್ರೊಬೇಷನ್ ಮೇಲಿದ್ದೆ. ಅಮೆರಿಕದವರ ಮನೆಯ ಇಂಟರ್ನೆಟ್ ಕೆಟ್ಟರೆ ಫೋನಿನಲ್ಲೇ ಸರಿಮಾಡಿಸುವ ಕೆಲಸ. ಅದು ಕಾಯಂ ಆಗಲೇಬೇಕಿತ್ತು.

ಪ್ರತಿ ಕರೆಯಲ್ಲೂ ನಾವು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು: ಹೀಗೆ ಎಷ್ಟು ಸಲ ಆಗುತ್ತದೆ? ಅದರಲ್ಲಿ 'ಆಫ್ಟನ್' ಎಂಬ ಮಾತು ಬಂದೇ ಬರುತ್ತದೆ. ನಮ್ಮ ಕನ್ನಡದ 'ಮೇಲಿಂದ ಮೇಲೆ', 'ಪದೇ ಪದೇ' ಎಂಬ ಅರ್ಥದ್ದು. ಆ ಮಾತನ್ನು ನನಗೆ ಕಲಿಸಿದವರು ಅಪ್ಪ. ಮೈಸೂರು ಕಡೆಯ ಹಳೇ ಶಾಲೆಯಲ್ಲಿ ಇಂಗ್ಲಿಷ್ ಕಲಿತವರು ಅವರು. "ಪುಟ್ಟಿ, ಬರೆದಿರೋ ಅಕ್ಷರ ನುಂಗಬಾರದು, ಬಾಯಿ ಬಿಟ್ಟು ಹೇಳು" ಎಂದು ತೊಡೆಯ ಮೇಲೆ ಕೂರಿಸಿಕೊಂಡು ಓದಿಸುತ್ತಿದ್ದರು. ಹಾಗಾಗಿ ನಾನು ಟಕಾರವನ್ನು ಟಕ್ಕನೆ ಹೇಳುತ್ತಿದ್ದೆ.

ಟ್ರೈನಿಂಗಿನ ಮೊದಲ ವಾರವೇ ನಮ್ಮ ಟ್ರೈನರ್ ಮೇಡಂ ನನ್ನನ್ನು ಎದ್ದು ನಿಲ್ಲಿಸಿದರು. "ಅರೇ, ಟಿ ಸೈಲೆಂಟ್ ಹೈ. ಆಫನ್ ಬೋಲೋ." ಟಿ ನುಂಗಿ ಹೇಳಬೇಕಂತೆ. ಹೇಳಿದೆ. ನಾಲಿಗೆ ಅಭ್ಯಾಸಬಲದಿಂದ ಮತ್ತೆ ಟಿಗೇ ಹೋಯಿತು. ಇಡೀ ಕ್ಲಾಸು ನಕ್ಕಿತು. ಮೇಡಂ ಬೋರ್ಡಿನ ಮೇಲೆ ಎಂಟಿಐ ಎಂದು ದೊಡ್ಡದಾಗಿ ಬರೆದರು. ಮದರ್ ಟಂಗ್ ಇನ್‌ಫ್ಲುಯೆನ್ಸ್, ಅಂದರೆ ಮಾತೃಭಾಷೆಯ ಸೋಂಕು. ಆ ಕಟ್ಟಡದಲ್ಲಿ ಎಲ್ಲರ ತಾಯಿಭಾಷೆಯೂ ಒಂದು ಕಾಯಿಲೆಯಾಗಿತ್ತು. ಬಿಹಾರದವರದೊಂದು ಬಗೆ, ಮಲಯಾಳಿಗಳದೊಂದು ಬಗೆ, ನನ್ನದು 'ಸೌತ್ ಇಂಡಿಯನ್' ಬಗೆ. ನಮ್ಮಮ್ಮ ಮಾತಾಡುವ ಭಾಷೆ ಕಾಯಿಲೆ ಎನ್ನಲು ಇವರು ಯಾರು ಎಂದು ಒಳಗೇ ಕುದಿಯುತ್ತ ಕುಳಿತೆ.

ರಜೆಯ ದಿನ ದಪ್ಪ ಡಿಕ್ಷನರಿ ತೆಗೆದು ನೋಡಿದೆ. ಆ ಮಾತಿನ ಹಳೆಯ ರೂಪ ಬರೀ 'ಆಫ್ಟ್'. ಟಿ ಅದರ ಹುಟ್ಟಿನಿಂದಲೇ ಇತ್ತು. ಬಾಲ ಆಮೇಲೆ ಸೇರಿಕೊಂಡಿದ್ದು. ಮಧ್ಯದಲ್ಲಿ ಎಂದೋ ಇಂಗ್ಲಿಷರೇ ಟಿಯನ್ನು ಬಿಟ್ಟರು, ಓದುಬರಹ ಹೆಚ್ಚಿದ ಮೇಲೆ ಅವರಲ್ಲೇ ಕೆಲವರು ಪುಸ್ತಕ ನೋಡಿ ಮತ್ತೆ ಹೇಳತೊಡಗಿದರು. ಈಗ ಎರಡೂ ಸರಿ. ಇದನ್ನೇ ಮೇಡಂಗೆ ಹೇಳಿದೆ. ಅವರು ಉಗುರು ನೋಡಿಕೊಳ್ಳುತ್ತ, "ಡಿಕ್ಷನರಿ ಹಮಾರಾ ಕಸ್ಟಮರ್ ನಹೀಂ ಹೈ" ಅಂದರು, ಡಿಕ್ಷನರಿ ನಮ್ಮ ಗಿರಾಕಿ ಅಲ್ಲವಂತೆ.

ಸರಿ, ಕಸ್ಟಮರನ್ನೇ ಕೇಳೋಣ. ಎರಡು ತಿಂಗಳ ನಂತರ ಒಬ್ಬ ಅಮೆರಿಕದ ಅಜ್ಜಿ ಫೋನ್ ಮಾಡಿದರು. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡುವವರು. ಕನೆಕ್ಷನ್ ಆಗಾಗ ಹೋಗುತ್ತದೆ ಎನ್ನುವಾಗ ಸ್ಪಷ್ಟವಾಗಿ 'ಆಫ್ಟನ್' ಅಂದರು, ಥೇಟ್ ನಮ್ಮಪ್ಪನ ಹಾಗೆ. ಕಸ್ಟಮರ್ ಹೇಗೆ ಮಾತಾಡುತ್ತಾರೋ ಅದಕ್ಕೆ ಹೊಂದಿಕೊಂಡು ಮಾತಾಡಿ ಎಂದು ನಮಗೆ ಹೇಳಿಕೊಟ್ಟವರು ಮೇಡಂ ಅವರೇ. ನಾನೂ ಟಿ ಹಾಕಿಯೇ ಕೇಳಿದೆ. ಇಂಟರ್ನೆಟ್ ಸರಿಹೋಯಿತು, ಅಜ್ಜಿ ಖುಷಿಯಿಂದ ಫೋನ್ ಇಟ್ಟರು.

ಶಿಫ್ಟ್ ಮುಗಿದ ಬೆಳಿಗ್ಗೆ ಮೇಡಂ ಕರೆಸಿದರು. ನಮ್ಮ ಕರೆಗಳ ರೆಕಾರ್ಡಿಂಗ್ ಕೇಳಿ ಅಂಕ ಹಾಕುವವರೂ ಅವರೇ. ಆ ಕರೆಗೆ ಅಂಕ ಕಳೆದಿದ್ದರು. ಕಾರಣ ಎಂಟಿಐ.

"ಮೇಡಂ, ಅವರೂ ಹಾಗೇ ಹೇಳಿದ್ದಾರೆ, ಕೇಳಿ ನೋಡಿ" ಎಂದು ಹಿಂದಿಯಲ್ಲಿ ಹೇಳಿದೆ.

"ಕೇಳಿದೀನಿ. ಅದು ಅವರ ಸ್ಟೈಲ್."

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ಅದು ನೆನಪಾಯಿತು. ಹಿಂದಿಯಲ್ಲಿ ಹೇಳಲು ಬರಲಿಲ್ಲ. ಬಂದಿದ್ದರೂ ಹೇಳುವ ಹಾಗಿರಲಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಅಂಕ ಕಳೆದಾಗ ನಾವು ಎದುರಿಗೆ ಕುಳಿತು, ತಪ್ಪನ್ನು ಹೆಸರಿಟ್ಟು ಹೇಳಿ, 'ಒಪ್ಪಿಕೊಂಡೆ' ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನೂ ರೆಕಾರ್ಡ್ ಮಾಡುತ್ತಿದ್ದರು. ಒಪ್ಪದಿದ್ದರೆ ವಿಚಾರಣೆ ಮೇಲಿನವರಿಗೆ ಹೋಗುತ್ತದೆ, ಕನ್ಫರ್ಮೇಷನ್ ಮುಂದಿನ ಬ್ಯಾಚಿಗೆ ಬೀಳುತ್ತದೆ. ಅಷ್ಟರಲ್ಲಿ ನಮ್ಮ ಮನೆ ಸಾಮಾನು ಬೀದಿಯಲ್ಲಿರುತ್ತಿತ್ತು. ಮೇಡಂಗೆ ನನ್ನ ಮನೆಯ ವಿಷಯ ಗೊತ್ತಿತ್ತು, ನಾನೇ ಒಮ್ಮೆ ಹೇಳಿಕೊಂಡಿದ್ದೆ. ಮೈಕನ್ನು ನನ್ನ ಕಡೆ ಸರಿಸಿ, "ಚಲೋ, ಕ್ಯಾಬ್ ನಿಂತಿದೆ" ಅಂದರು.

ಹಲ್ಲು ಕಚ್ಚಿಕೊಂಡು ಹೇಳಿದೆ. ನನ್ನ ಮಾತೃಭಾಷೆಯಿಂದಾಗಿ ತಪ್ಪಾಯಿತು, ಒಪ್ಪಿಕೊಂಡೆ, ತಿದ್ದಿಕೊಳ್ಳುತ್ತೇನೆ. ಟಿ ಇಲ್ಲದೆ ಆ ಮಾತನ್ನು ಮೂರು ಸಲ ಹೇಳಿಸಿಯೇ ಬಿಟ್ಟರು. ಕ್ಯಾಬಿನಲ್ಲಿ ಮನೆ ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಆ ತಿಂಗಳ ಕೊನೆಗೆ ಕೆಲಸ ಕಾಯಂ ಆಯಿತು. ಅಮ್ಮ ಬೆಳಿಗ್ಗೆಯೇ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ಅಪ್ಪ ಆಫೀಸಿಗೆ ಹೊರಟವರು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು ಕುಳಿತರು. ಇನ್ನು ಮನೆ ಹುಡುಕಬಹುದು ಎಂದು ಎರಡು ಸಲ ಹೇಳಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು.

"ನಿನ್ನ ಇಂಗ್ಲಿಷ್ ಬಗ್ಗೆ ಏನಾದ್ರೂ ಅಂದ್ರಾ ಪುಟ್ಟಿ?"

"ತುಂಬ ಚೆನ್ನಾಗಿದೆ ಅಂದ್ರು. ಯಾರು ಕಲಿಸಿದ್ದು ಅಂತ ಕೇಳಿದ್ರು."

"ಏನಂದೆ?"

"ನಮ್ಮಪ್ಪ ಅಂದೆ."

ಅಪ್ಪ ಕನ್ನಡಕ ತೆಗೆದು ಒರೆಸಲು ಪಂಚೆಯಂಚು ಹುಡುಕಿದರು, ಪ್ಯಾಂಟು ಹಾಕಿದ್ದೇನೆಂಬುದೇ ಅವರಿಗೆ ಮರೆತಿತ್ತು.